ಅಜ್ಜಿಯ ಕೈಮಿಷನ್ನಿಗೆ ಬಣ್ಣ ಹೊಡೆಸುವ ಮುನ್ನ

ನೋಡಮ್ಮ, ಅಟ್ಟದಿಂದ ಇಳಿಸಿದ ಅಜ್ಜಿಯ ಹೊಲಿಗೆ ಮಿಷನ್ನಿಗೆ ಹೊಸ ಬಣ್ಣ ಹೊಡೆಸಿ ಮೋಟಾರು ಕೂರಿಸಬೇಕು ಅಂದೆಯಲ್ಲ, ಅದಕ್ಕೇ ಈ ಮಾತು. ಎರಡನ್ನೂ ಈಗಲೇ ಮಾಡಬೇಡ. ಚಕ್ರ ತಿರುಗುತ್ತಿಲ್ಲ ಅಂದಮಾತ್ರಕ್ಕೆ ಮಿಷನ್ ಹಾಳಾಯಿತು ಅಂದುಕೊಳ್ಳಬೇಕಿಲ್ಲ. ಮಿಷನ್ ಎಣ್ಣೆ ಮುಗಿದಾಗ ನಮ್ಮ ಮನೆಗಳಲ್ಲಿ ಕೈಗೆ ಸಿಕ್ಕ ಕೊಬ್ಬರಿ ಎಣ್ಣೆಯನ್ನೋ ಹರಳೆಣ್ಣೆಯನ್ನೋ ಬಿಡುತ್ತಿದ್ದರು. ಅದು ವರ್ಷಗಟ್ಟಲೆ ನಿಂತು ಕಂದು ಅಂಟಾಗಿ ಕಚ್ಚಿಕೊಳ್ಳುತ್ತದೆ. ಬಹಳಷ್ಟು ಮಿಷನ್ನುಗಳು ನಿಂತಿರುವುದು ಈ ಅಂಟಿನಿಂದಲೇ. ಒಳಗಿನ ಉಕ್ಕು ಗಟ್ಟಿಯಾಗಿಯೇ ಇರುತ್ತದೆ.

ಮೊದಲು ಸೂಜಿ, ಬಾಬಿನ್ ಕೇಸ್ ಎರಡನ್ನೂ ತೆಗೆದಿಡು. ಸೂಜಿ ಇಳಿಯುವ ಜಾಗದ ತಗಡಿನ ಸ್ಕ್ರೂ ಬಿಚ್ಚಿದರೆ ಬಟ್ಟೆ ಎಳೆಯುವ ಹಲ್ಲು ಕಾಣುತ್ತದೆ. ಆ ಹಲ್ಲಿನ ಸಾಲುಗಳ ನಡುವೆ ನೂಲಿನ ಧೂಳು ಎಣ್ಣೆ ಕುಡಿದು ಕಂಬಳಿ ತುಂಡಿನ ಹಾಗೆ ಒತ್ತಾಗಿ ಕೂತಿರುತ್ತದೆ. ದಬ್ಬಳದ ತುದಿಯಿಂದ ಎಬ್ಬಿಸಿ ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜು. ಆಮೇಲೆ ಎಣ್ಣೆ ಬಿಡುವ ಪ್ರತಿ ತೂತಿಗೂ, ಲೋಹಕ್ಕೆ ಲೋಹ ತಾಗುವ ಪ್ರತಿ ಸಂದಿಗೂ ಒಂದೊಂದು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೇ ಇಡು. ಬೆಳಿಗ್ಗೆ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲ್ಲಾಡಿಸು. ಕೂದಲೆಳೆಯಷ್ಟು ಸರಿದರೂ ಸಾಕು, ಉಳಿದದ್ದು ಬರುತ್ತದೆ. ಇಕ್ಕಳ ಹಾಕಿ ತಿರುಚಬೇಡ. ಎರಕದ ಕಬ್ಬಿಣ ಬಾಗುವುದಿಲ್ಲ, ಮುರಿಯುತ್ತದೆ.

ಆಗಲೂ ಬಿಗಿಯಾಗಿದ್ದರೆ ಚಕ್ರದ ನಡುವಿನ ಗುಂಡಿಯನ್ನು ಬಿಚ್ಚಿ ಚಕ್ರ ಹೊರಗೆ ತೆಗೆ. ಅದರ ಹಿಂದಿನ ಅಚ್ಚಿಗೆ ದಾರ ಸುತ್ತಿಕೊಂಡು ಗಂಟಾಗಿರುವುದು ಬಹಳ ಸಾಮಾನ್ಯ. ಗುಂಡಿಯ ಕೆಳಗಿನ ವಾಷರ್ ಯಾವ ಕಡೆ ಮುಖ ಮಾಡಿತ್ತು ಅಂತ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೋ. ಅದನ್ನು ತಪ್ಪಾಗಿ ಕೂರಿಸಿದರೆ ಬಾಬಿನ್ ಸುತ್ತುವಾಗ ಸೂಜಿ ನಿಲ್ಲುವುದಿಲ್ಲ, ಇಲ್ಲವೇ ಹೊಲಿಯುವಾಗ ಚಕ್ರ ಬರಿದೇ ಸುತ್ತುತ್ತದೆ. ಎಲ್ಲ ಸಡಿಲವಾದ ಮೇಲೆ ಸೀಮೆಎಣ್ಣೆಯನ್ನು ಒರೆಸಿ, ಅಂಗಡಿಯಲ್ಲಿ ಸಿಗುವ ತೆಳು ಮಿಷನ್ ಎಣ್ಣೆಯನ್ನೇ ಬಿಡಬೇಕು. ಸೀಮೆಎಣ್ಣೆ ಅಂಟು ಬಿಡಿಸುತ್ತದೆ, ಸವೆತ ತಡೆಯುವುದಿಲ್ಲ.

ಮೈಮೇಲಿನ ಚಿನ್ನದ ಬಣ್ಣದ ಬಳ್ಳಿಚಿತ್ರದ ವಿಷಯಕ್ಕೆ ನಾನು ಸ್ವಲ್ಪ ಹಟಮಾರಿ. ಅದು ತೀರಾ ತೆಳುವಾದ ಅಚ್ಚು. ಸ್ಪಿರಿಟ್, ಥಿನ್ನರ್, ಲೋಹದ ಪಾಲಿಶ್ ಯಾವುದು ತಾಗಿದರೂ ಕಣ್ಣೆದುರಿಗೇ ಎದ್ದುಬರುತ್ತದೆ. ಮಿಷನ್ ಎಣ್ಣೆಯಲ್ಲಿ ಅದ್ದಿದ ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು. ಅಲ್ಲಲ್ಲಿ ಸವೆದಿದ್ದರೆ ಸವೆದಿರಲಿ. ಅದು ನಿನ್ನ ಅಜ್ಜಿಯ ಅಂಗೈ ಬಟ್ಟೆ ಒತ್ತಿ ಹಿಡಿದ ಜಾಗ.

ಮಿಷನ್ನಿನ ಬುಡದ ಬಲಬದಿಯಲ್ಲಿ ಒಂದು ನಂಬರು ಕೊರೆದಿದೆ ನೋಡು. ಸಿಂಗರ್ ಮಿಷನ್ನಾದರೆ, 1900ರ ನಂತರದವಕ್ಕೆ ಆ ನಂಬರಿನ ಮುಂದೆ ಇಂಗ್ಲಿಷ್ ಅಕ್ಷರವೂ ಇರುತ್ತದೆ. ಯಾವ ಕಾರ್ಖಾನೆ, ಯಾವ ವರ್ಷ ಎಂಬುದನ್ನು ಅದರಿಂದ ತಿಳಿಯಬಹುದು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಊರಿನ ದೊಡ್ಡ ಕಾರ್ಖಾನೆಯಿಂದ ನಮ್ಮ ದೇಶಕ್ಕೆ ಎಷ್ಟೋ ಮಿಷನ್ನುಗಳು ಬಂದವು. ಆ ಕಾರ್ಖಾನೆ 1980ರಲ್ಲೇ ಮುಚ್ಚಿತು. ಆದರೆ ದುಂಡು ಬಾಬಿನ್ನಿನ ಆ ಹಳೆಯ ಮಾದರಿಯನ್ನೇ ಅನುಸರಿಸಿ ಉಷಾದಂಥ ಕಂಪನಿಗಳು ಇಲ್ಲೂ ಮಿಷನ್ ಮಾಡಿದ್ದರಿಂದ, ಸೂಜಿ, ಬಾಬಿನ್, ಕೇಸ್ ಇಂದಿಗೂ ಯಾವ ಪೇಟೆಯಲ್ಲೂ ಸಿಗುತ್ತವೆ. ದೋಣಿ ಆಕಾರದ ಉದ್ದ ಶಟಲ್ ಇದ್ದರೆ ಮಾತ್ರ ಅದನ್ನು ಜೋಪಾನ ಮಾಡು, ಅದರ ಬಿಡಿಭಾಗ ಸುಲಭಕ್ಕೆ ಸಿಗದು. ಹೊಸ ಸೂಜಿ ಹಾಕುವಾಗ ಉದ್ದ ಗೀರು ಇರುವ ಕಡೆಯಿಂದ ದಾರ ಪೋಣಿಸಬೇಕು. ಹೊಲಿಗೆ ತಪ್ಪುವುದು ಹೆಚ್ಚಾಗಿ ಸೂಜಿ ಅಡ್ಡಾದಿಡ್ಡಿ ಕೂತಾಗಲೇ.

ಇನ್ನು ಮೋಟಾರು. ಹಿಡಿಕೆ ಒಂದು ಸುತ್ತು ತಿರುಗಿದರೆ ಸೂಜಿ ಸುಮಾರು ಮೂರು ಹೊಲಿಗೆ ಹಾಕುತ್ತದೆ. ಕಾಲರಿನ ಮೂಲೆಗೆ ಬಂದಾಗ ಕೈ ನಿಲ್ಲಿಸು, ಸೂಜಿ ಅಲ್ಲೇ ನಿಲ್ಲುತ್ತದೆ. ಒಂದೇ ಒಂದು ಹೊಲಿಗೆ ಬೇಕಾದರೆ ಒಂದೇ ಹಾಕಬಹುದು. ಮಗುವಿಗೆ ಹೊಲಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಮಿಷನ್ ನನಗೆ ಗೊತ್ತಿಲ್ಲ, ಗಾಬರಿಯಾಗಿ ಕೈಬಿಟ್ಟರೆ ಅದೂ ಸುಮ್ಮನಾಗುತ್ತದೆ. ಕೌದಿಗೆ ಬಟ್ಟೆ ತುಂಡು ಜೋಡಿಸುವಂಥ ಕೆಲಸಕ್ಕೂ ಹೇಳಿಮಾಡಿಸಿದ್ದು. ಬಲಗೈ ಹಿಡಿಕೆಯಲ್ಲೇ ಇರುವುದರಿಂದ ಬಟ್ಟೆ ನಡೆಸಲು ಎಡಗೈ ಒಂದೇ ಉಳಿಯುತ್ತದೆ ಎನ್ನುವುದೂ ನಿಜ. ಉದ್ದ ಪರದೆ ಹೊಲಿಯಲು ಕೂತರೆ ಬೇಸರ ಬರುತ್ತದೆ. ದಿನವಿಡೀ ಹೊಲಿದು ಸಂಪಾದಿಸುವವರಿಗೆ ಕಾಲುಮಿಷನ್ನೇ ಸರಿ. ನಿನಗೆ ಮನೆಯ ಹೊಲಿಗೆಗೆ ತಾನೇ ಬೇಕು? ಯಂತ್ರಗಳ ಹುಚ್ಚನ್ನು ಒಪ್ಪದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಹೊಲಿಗೆ ಮಿಷನ್ನನ್ನು ಮಾತ್ರ ಉಪಯುಕ್ತ ಯಂತ್ರ ಅಂತ ಬೇರೆಯಾಗಿ ಎಣಿಸಿದ್ದರು. ಮೋಟಾರು ಕೂರಿಸಲು ಹಿಡಿಕೆ ಬಿಚ್ಚಿಟ್ಟರೆ ಅದು ಎಲ್ಲೋ ಕಳೆದುಹೋಗುತ್ತದೆ, ಮತ್ತೆ ಸಿಕ್ಕುವುದಿಲ್ಲ.

ಹಳೆಯ ಸಿಂಗರ್ ಸೂಜಿಯಲ್ಲಿ ಕೆಂಪು ಪಾದರಸ ಇದೆ, ಲಕ್ಷಗಟ್ಟಲೆ ಕೊಡುತ್ತೇವೆ ಅಂತ ಯಾರಾದರೂ ಬಂದರೆ ಬಾಗಿಲು ಹಾಕಿಕೋ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಈ ಸುಳ್ಳು ಹಬ್ಬಿ ಜನ ಹಳೆಯ ಮಿಷನ್ನುಗಳಿಗೆ ಮುಗಿಬಿದ್ದಿದ್ದರು. ಸೂಜಿಯಲ್ಲಿರುವುದು ಬರೀ ಉಕ್ಕು. ಹಾಗೆಯೇ, ಎಂದಾದರೂ ಬೇಡವೆನಿಸಿದರೆ ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕಬೇಡ. ಹೊಲಿಗೆ ಕಲಿಯುತ್ತಿರುವ ಯಾವುದಾದರೂ ಹುಡುಗಿಗೆ ಕೊಟ್ಟುಬಿಡು, ಜೊತೆಗೆ ಒಂದು ಬಾಟಲಿ ಮಿಷನ್ ಎಣ್ಣೆಯನ್ನೂ ಕೊಡು.