ಗೆಳೆಯರಿಗೆ ಕಥೆಯಾಟ ಕಲಿಸುವುದು ಹೇಗೆ?



ನಮ್ಮ ವಾನ್‌ನಲ್ಲಿ ಡಿಸೆಂಬರ್ ಬಂತೆಂದರೆ ಸಂಜೆ ಐದಕ್ಕೆ ಮೊದಲೇ ಕತ್ತಲು. ಹೊರಗೆ ಹಿಮ, ಒಳಗೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಫೋನು! ಇಂತಹ ದಿನಗಳಲ್ಲಿ ನಾವು ಕೆಲವರು ಕಲಿತ ಒಂದು ಆಟವನ್ನೂ, ಅದನ್ನು ಹೊಸಬರಿಗೆ ಕಲಿಸುವ ಬಗೆಯನ್ನೂ ಇಲ್ಲಿ ಹೇಳುತ್ತೇವೆ.

ಏನಿದು ಆಟ?

ಇದಕ್ಕೆ ರೋಲ್‌ಪ್ಲೇಯಿಂಗ್ ಗೇಮ್ ಎಂದು ಹೆಸರು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಮಾರಾಟಕ್ಕೆ ಬಂದ ಇಂತಹ ಮೊದಲ ಆಟ. ತಾಳಮದ್ದಳೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಅರ್ಥಧಾರಿಗಳು ವೇಷವಿಲ್ಲದೆ ಕುಳಿತು, ತಮ್ಮ ಪಾತ್ರದ ಮಾತನ್ನು ಆಗಿಂದಾಗಲೇ ಕಟ್ಟುತ್ತಾರೆ. ಭಾಗವತರು ಹಾಡಿ ಕಥೆ ನಡೆಸುತ್ತಾರೆ. ಇಲ್ಲಿಯೂ ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಆದರೆ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು; ಈ ಆಟದ ಕೊನೆ ಯಾರಿಗೂ ಗೊತ್ತಿಲ್ಲ. ಕೆಲಸ ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಹಾಕಬೇಕು.

ನಾವು ಮಾಡಿದ ತಪ್ಪು

ಮೈಸೂರಿನಿಂದ ಹೊಸದಾಗಿ ಬಂದ ಗೆಳೆಯನೊಬ್ಬನನ್ನು ಆಟಕ್ಕೆ ಕರೆದೆವು. ಮುನ್ನೂರಕ್ಕೂ ಹೆಚ್ಚು ಪುಟಗಳ ನಿಯಮ ಪುಸ್ತಕ ತೆರೆದು, ಅವನ ಪಾತ್ರ ತಯಾರಿಸಲು ಎರಡು ಗಂಟೆ ಕಳೆದೆವು. "ಇದು ಪರೀಕ್ಷೆ ಇದ್ದ ಹಾಗಿದೆ ಕಣ್ರೋ" ಎಂದು ಹೇಳಿ ಅವನು ಹೊರಟುಹೋದ. ಸ್ನೇಹ ಬೆಳೆಸಲು ಕರೆದು, ಅವನನ್ನು ಇನ್ನಷ್ಟು ಒಂಟಿ ಮಾಡಿದೆವಲ್ಲ ಎಂದು ನಮಗೆ ಬೇಸರವಾಯಿತು.

ಪೆಟ್ಟಿಗೆಯ ಉಪಕಾರ

ಹೊಸಬರಿಗಾಗಿಯೇ 'ಸ್ಟಾರ್ಟರ್ ಸೆಟ್' ಎಂಬ ಪೆಟ್ಟಿಗೆಗಳಿವೆ. ನಾವು ಬಳಸಿದ್ದು 2014ರದು. ಅದರಲ್ಲಿ 32 ಪುಟಗಳ ನಿಯಮ, 64 ಪುಟಗಳ ಕಥೆ, 5 ಸಿದ್ಧ ಪಾತ್ರಗಳು, 6 ದಾಳಗಳು ಇವೆ. 2022ರಲ್ಲೂ 2025ರಲ್ಲೂ ಹೊಸ ಪೆಟ್ಟಿಗೆಗಳು ಬಂದಿವೆ. ಪಾತ್ರಗಳು ಸಿದ್ಧವಾಗಿರುವುದರಿಂದ ಹೊಸಬರು ಕುಳಿತ ಹತ್ತೇ ನಿಮಿಷದಲ್ಲಿ ಕಥೆಯೊಳಗೆ ಇರುತ್ತಾರೆ.

ಒಂದೇ ನಿಯಮ ಸಾಕು

ಇಪ್ಪತ್ತು ಮುಖದ ದಾಳ ಹಾಕಿ, ಪಾತ್ರದ ಅಂಕ ಕೂಡಿಸಿ. ಗೋಡೆ ಹತ್ತಲು 15 ಬೇಕು, ನಿಮ್ಮ ಅಂಕ 3 ಎನ್ನಿ. ದಾಳದಲ್ಲಿ 12 ಅಥವಾ ಹೆಚ್ಚು ಬೀಳಬೇಕು. 12ರಿಂದ 20ರವರೆಗೆ 9 ಸಂಖ್ಯೆಗಳು. 20ರಲ್ಲಿ 9 ಎಂದರೆ ಶೇಕಡಾ 45. ಗಣಿತವೂ ಬಂತು, ನೋಡಿ!

ಅಜ್ಜಿಯ ಪ್ರಶ್ನೆ

ಎರಡು ವಾರದ ನಂತರ ಆ ಗೆಳೆಯನನ್ನು ಮತ್ತೆ ಕರೆದೆವು. ಈ ಬಾರಿ ಕನ್ನಡದಲ್ಲೇ ಆಡಿದೆವು. ಪಾತ್ರದ ಆರು ಗುಣಗಳನ್ನು ಶಕ್ತಿ, ಚುರುಕು, ತಾಳಿಕೆ, ಬುದ್ಧಿ, ವಿವೇಕ ಎಂದು ಬರೆದುಕೊಂಡೆವು. ಆರನೆಯದಾದ 'ಕರಿಸ್ಮಾ'ಕ್ಕೆ 'ವರ್ಚಸ್ಸು' ಎಂಬ ಪದ ಕೊಟ್ಟವರು ನಮ್ಮಲ್ಲೊಬ್ಬರ ಅಜ್ಜಿ. ಕಥೆಯಲ್ಲಿ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರು ದಾರಿಗೆ ಅಡ್ಡ ಬಂದಾಗ ನಾವು ಕತ್ತಿ ಎತ್ತಿದೆವು. ಅಜ್ಜಿ ಕೇಳಿದರು: "ಪಾಪ, ಹಸಿದಿದ್ದಾವೇನೋ. ಊಟ ಕೊಟ್ಟು ಮಾತಾಡಿಸಬಾರದೇ?" ನಿಯಮದಲ್ಲಿ ಅದಕ್ಕೂ ಅವಕಾಶವಿದೆ! ಗೆಳೆಯ ವರ್ಚಸ್ಸಿನ ದಾಳ ಹಾಕಿದ, 17 ಬಿತ್ತು. ನಿಯಮ ಓದದ ಅಜ್ಜಿಯೇ ಅಂದು ಚೆನ್ನಾಗಿ ಆಡಿದ್ದು. ಮನೆಯಲ್ಲಿ 'ಹೂಂ', 'ಊಹೂಂ' ಎಂದಷ್ಟೇ ಉತ್ತರಿಸುವ ನಾವು ಅಂದು ಎರಡು ಗಂಟೆ ಕನ್ನಡ ಮಾತಾಡಿದೆವು. ಗೆಳೆಯನಂತೂ ನಮಗೇ ಪದ ಹೇಳಿಕೊಟ್ಟ.

ನೆನಪಿಡಿ

1. ಕಥೆ ನಡೆಸುವವರು ಮೊದಲ ಅಧ್ಯಾಯವನ್ನು ಮುಂಚೆಯೇ ಓದಿರಬೇಕು.
2. ಪಾತ್ರವನ್ನು ಹೊಸಬರೇ ಮೊದಲು ಆರಿಸಿಕೊಳ್ಳಲಿ.
3. ಉಳಿದ ನಿಯಮಗಳನ್ನು ಬೇಕಾದಾಗ ಮಾತ್ರ ಹೇಳಿ.
4. "ಈಗ ನೀನು ಏನು ಮಾಡುತ್ತೀಯ?" ಎಂದು ಕೇಳಿ, ಸುಮ್ಮನೆ ಕಾಯಿರಿ. ಉತ್ತರ ನೀವೇ ಹೇಳಿಕೊಡಬೇಡಿ.
5. ಎರಡು ಗಂಟೆಗೆ ನಿಲ್ಲಿಸಿ. ಮುಂದೇನಾಯಿತು ಎಂಬ ಕುತೂಹಲ ಉಳಿಯಲಿ.

ಪೋಷಕರಿಗೊಂದು ಮಾತು: ಕಥೆಯಲ್ಲಿ ಹೊಡೆದಾಟ ಇರುತ್ತದೆ, ಚಿಕ್ಕ ಮಕ್ಕಳಿದ್ದರೆ ಮೊದಲು ನೀವೇ ಓದಿ ನೋಡಿ. ಹಣ ಹಾಕುವ ಮುನ್ನ ತಿಳಿಯಬೇಕೆಂದರೆ, ಮೂಲ ನಿಯಮಗಳನ್ನು ಪ್ರಕಾಶಕರೇ ಅಂತರ್ಜಾಲದಲ್ಲಿ ಉಚಿತವಾಗಿ ಕೊಟ್ಟಿದ್ದಾರೆ.

ಮುಂದಿನ ಹಿಮ ಬೀಳುವ ಶನಿವಾರ, ತರಗತಿಗೆ ಹೊಸದಾಗಿ ಬಂದವರೊಬ್ಬರನ್ನು ಮನೆಗೆ ಕರೆಯಿರಿ. ಅಜ್ಜಿ ತಾತಂದಿರಿಗೂ ಒಂದು ಕುರ್ಚಿ ಹಾಕುವುದನ್ನು ಮರೆಯಬೇಡಿ!