ಎಂಟು ಮಂದಿಯ ಪ್ರವಾಸ: ಗೊಟ್ಟಿಗೆರೆಯಿಂದ ಹೊನ್ನಾವರದವರೆಗೆ ಒಂದು ಭೂಗೋಳ ಪಾಠ



ನಮ್ಮ ಕಾಲೇಜಿನ ಗೇಟು ದಾಟಿ ಬನ್ನೇರುಘಟ್ಟ ರಸ್ತೆಗೆ ಬಂದು ನಿಂತರೆ ನೀವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುತ್ತೀರಿ. ಇಲ್ಲಿಂದ ಒಂದು ರಾತ್ರಿ ಬಸ್ಸಿನಲ್ಲಿ ಕುಳಿತರೆ ಚಿಕ್ಕಮಗಳೂರು; ಅಲ್ಲಿ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಕರ್ನಾಟಕದ ಅತಿ ಎತ್ತರದ ಶಿಖರ. ಅಲ್ಲಿಂದ ಮತ್ತೊಂದು ಹಗಲು ಪ್ರಯಾಣ ಮಾಡಿದರೆ ಹೊನ್ನಾವರ, ಎತ್ತರ ಸೊನ್ನೆ, ಎದುರಿಗೆ ಅರಬ್ಬಿ ಸಮುದ್ರ. ಕರ್ಕಾಟಕ ಸಂಕ್ರಾಂತಿ ವೃತ್ತ ಇರುವುದು 23½ ಡಿಗ್ರಿ ಉತ್ತರದಲ್ಲಿ. ಈ ಮೂರೂ ಜಾಗಗಳು 12 ಮತ್ತು 15 ಡಿಗ್ರಿಗಳ ನಡುವೆ ಇವೆ. ಅಂದರೆ ಮೂರೂ ಉಷ್ಣವಲಯದವೇ. ಆದರೂ ಮೂರು ಕಡೆಯ ಗಾಳಿ ಬೇರೆ, ಮಳೆ ಬೇರೆ, ಅಪಾಯವೂ ಬೇರೆ.

ಹತ್ತು ಹನ್ನೆರಡು ಮಂದಿಯ ಸಣ್ಣ ತಂಡ ಕಟ್ಟಿಕೊಂಡು ಉಷ್ಣವಲಯದ ನಗರ, ಬೆಟ್ಟ, ಬೀಚುಗಳನ್ನು ಒಂದೇ ಸುತ್ತಿನಲ್ಲಿ ನೋಡುವ ಸಾಹಸ ಪ್ರವಾಸ ಇಂದು ಜಗತ್ತಿನಾದ್ಯಂತ ದೊಡ್ಡ ಉದ್ಯಮ. ಅದಕ್ಕೆ ಲಕ್ಷಗಟ್ಟಲೆ ಕೊಟ್ಟು ಹೋಗುವವರಿದ್ದಾರೆ. ಕಳೆದ ಅಕ್ಟೋಬರ್ ರಜೆಯಲ್ಲಿ ನಾವು ಅದನ್ನೇ ಸರ್ಕಾರಿ ಬಸ್ಸಿನಲ್ಲಿ ಮಾಡಿದೆವು. ದ್ವಿತೀಯ ಪಿಯುಸಿಯ ಆರು ವಿದ್ಯಾರ್ಥಿನಿಯರು, ಇಂಗ್ಲಿಷ್ ವಿಭಾಗದ ಮೇಡಂ ಮತ್ತು ನಾನು, ಒಟ್ಟು ಎಂಟು ಮಂದಿ. ಆ ನಾಲ್ಕು ದಿನಗಳಲ್ಲಿ ಪಾಠ ಮಾಡಲು ಹೋದ ನಾನೇ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಂಟೇ ಏಕೆ?

ಹಲವು ವರ್ಷಗಳ ಹಿಂದೆ ನಾನು ಬೇರೊಂದು ಕಡೆ ಕೆಲಸ ಮಾಡುತ್ತಿದ್ದಾಗ ಎರಡು ಬಸ್ಸುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ಊಟಕ್ಕೆ ನಿಲ್ಲಿಸಿದ ಕಡೆ ನಮ್ಮ ಬಸ್ಸಿನ ತಲೆ ಎಣಿಸಿದ್ದು ನಾನೇ. ಲೆಕ್ಕ ಸರಿಯಾಗಿಯೇ ಬಂತು. ಇಪ್ಪತ್ತು ಕಿಲೋಮೀಟರ್ ಹೋದ ಮೇಲೆ ಹೋಟೆಲಿನವರಿಂದ ಫೋನ್: ಒಬ್ಬ ಹುಡುಗಿ ಅಲ್ಲೇ ಉಳಿದಿದ್ದಾಳೆ, ಅಳುತ್ತಿದ್ದಾಳೆ. ಎಣಿಸುವಾಗ ಸೀಟು ಬದಲಿಸಿದ ಇನ್ನೊಬ್ಬಳನ್ನು ನಾನು ಎರಡು ಸಲ ಎಣಿಸಿದ್ದೆ. ಬಸ್ಸು ಹಿಂದಿರುಗಿಸಿದೆವು, ಹುಡುಗಿ ಸಿಕ್ಕಳು. ಆದರೆ ಆ ನಲವತ್ತು ನಿಮಿಷ ನನ್ನ ಹೊಟ್ಟೆಯಲ್ಲಿ ಆದ ಸಂಕಟವನ್ನು ಇಂದಿಗೂ ಮರೆತಿಲ್ಲ.

ಇದರ ಹಿಂದೆ ಒಂದು ಸಣ್ಣ ಗಣಿತವಿದೆ. ಒಂದು ತಂಡದಲ್ಲಿ 'ಎನ್' ಜನರಿದ್ದರೆ ಅವರ ನಡುವೆ ಆಗಬಹುದಾದ ಜೋಡಿಗಳ ಸಂಖ್ಯೆ ಎನ್ × (ಎನ್ – 1) ÷ 2. ಎಂಟು ಮಂದಿಗೆ 28 ಜೋಡಿ. ಐವತ್ತು ಮಂದಿಗೆ 1,225. ನಾಲ್ಕು ದಿನಗಳಲ್ಲಿ 28 ಜೋಡಿಗಳೂ ಒಮ್ಮೆಯಾದರೂ ಪಕ್ಕದಲ್ಲಿ ಕುಳಿತು ಮಾತನಾಡಬಹುದು. 1,225 ಸಾಧ್ಯವೇ ಇಲ್ಲ. ಸಣ್ಣ ತಂಡದಲ್ಲಿ ಯಾರು ಊಟ ಬಿಟ್ಟರು, ಯಾರ ಮುಖ ಸಪ್ಪಗಿದೆ ಎಂಬುದು ಯಾರೋ ಒಬ್ಬರ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಸಿದ್ಧತೆ

ಮನೆಯವರನ್ನು ಒಪ್ಪಿಸುವುದೇ ಮೊದಲ ಬೆಟ್ಟ. ಒಬ್ಬಳ ಅಬ್ಬಾ ಮೂರು ಸಲ ಕಾಲೇಜಿಗೆ ಬಂದು, ಯಾವ ಬಸ್ಸು, ಎಲ್ಲಿ ತಂಗುವುದು, ರಾತ್ರಿ ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೇ ಎಂದೆಲ್ಲ ಕೇಳಿದರು. ಅವರು ಕೇಳಿದ್ದು ನ್ಯಾಯವೇ. ಅವರ ಪ್ರಶ್ನೆಗಳಿಂದಲೇ ನಮ್ಮ ಯೋಜನೆಯ ಹಾಳೆ ಪೂರ್ತಿಯಾಯಿತು.

ಹಣದ ಚಿಂತೆ ಅಷ್ಟಿರಲಿಲ್ಲ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಉಚಿತ. ಗೊಟ್ಟಿಗೆರೆಯಿಂದ ಮೆಜೆಸ್ಟಿಕ್‌ಗೆ ಬಿಎಂಟಿಸಿ, ಅಲ್ಲಿಂದ ಮುಂದಕ್ಕೆ ಕರ್ನಾಟಕ ಸಾರಿಗೆಯ ಕೆಂಪು ಬಸ್ಸು. ಎಂಟು ಆಧಾರ್ ಕಾರ್ಡ್, ಎಂಟು ಶೂನ್ಯ ಟಿಕೆಟ್. ಜೀಪು, ಊಟ, ವಸತಿಗೆ ಮಾತ್ರ ಹಣ ಬೇಕಾಯಿತು.

ಮೂವರು ಪ್ರಯಾಣ ಹೊರಟರೂ ಒಬ್ಬರನ್ನು ಅಮೀರ್ ಮಾಡಿಕೊಳ್ಳಬೇಕೆಂಬ ಹದೀಸಿನ ಮಾತನ್ನು ನೀವೆಲ್ಲ ಕೇಳಿದ್ದೀರಿ. ಅದನ್ನೇ ನಿಯಮ ಮಾಡಿಕೊಂಡೆವು. ದಿನಕ್ಕೊಬ್ಬ ವಿದ್ಯಾರ್ಥಿನಿ ಅಮೀರ್. ಆ ದಿನ ಹೊರಡುವ, ನಿಲ್ಲುವ, ಹಿಂದಿರುಗುವ ತೀರ್ಮಾನ ಅವಳದು. ಉಳಿದವರಲ್ಲಿ ಒಬ್ಬಳಿಗೆ ಹಣದ ಲೆಕ್ಕ, ಒಬ್ಬಳಿಗೆ ಔಷಧಿ ಚೀಲ, ಒಬ್ಬಳಿಗೆ ಸಾಲಿನ ಕೊನೆಯಲ್ಲಿ ನಡೆಯುವ ಕೆಲಸ. ಜೊತೆಗೆ ಎಲ್ಲರಿಗೂ ಒಬ್ಬೊಬ್ಬ ಜೋಡಿ. ನಿಯಮಗಳನ್ನು ಬರೆದು ಎಂಟೂ ಮಂದಿ ಸಹಿ ಹಾಕಿದೆವು. ಅದರಲ್ಲಿ ಮೂರನೆಯದು ಹೀಗಿತ್ತು: ಬೆಟ್ಟದಲ್ಲಿ ಯಾರಿಗಾದರೂ ಆರೋಗ್ಯ ಕೆಟ್ಟರೆ ಎಲ್ಲರೂ ಇಳಿಯುವುದು, ಶಿಖರ ಎಷ್ಟೇ ಹತ್ತಿರವಿರಲಿ.

ಬೆಟ್ಟ

ಸಮುದ್ರಮಟ್ಟದಿಂದ ಪ್ರತಿ 1,000 ಮೀಟರ್ ಮೇಲೇರಿದಂತೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೀರಿ. ಗೊಟ್ಟಿಗೆರೆಯಲ್ಲಿ 26 ಡಿಗ್ರಿ ಇದ್ದರೆ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಲೆಕ್ಕದ ಪ್ರಕಾರ 19 ಅಥವಾ 20. ಆದರೆ ಗಾಳಿ ಮತ್ತು ಒದ್ದೆ ಬಟ್ಟೆಯ ಲೆಕ್ಕ ಆ ಸೂತ್ರದಲ್ಲಿಲ್ಲ. ನಾವು ಸರ್ಪದಾರಿಯಿಂದ ಹತ್ತಲು ಶುರು ಮಾಡಿದ ಅರ್ಧ ಗಂಟೆಯಲ್ಲೇ ಮಂಜು ಕವಿದು, ಗಾಳಿ ಬೀಸಿ, ಹಲ್ಲು ಕಟಕಟ ಎನ್ನತೊಡಗಿತು.

ಮಂಜು ಸರಿದಾಗಲೆಲ್ಲ ಎರಡೂ ಕಡೆ ಹುಲ್ಲುಗಾವಲು, ಬೆಟ್ಟದ ಮಡಿಕೆಗಳಲ್ಲಿ ಕುಳ್ಳ ಮರಗಳ ಶೋಲಾ ಕಾಡು ಕಾಣುತ್ತಿತ್ತು. ಮಳೆಗಾಲದ ನೀರನ್ನು ಸ್ಪಂಜಿನಂತೆ ಹಿಡಿದಿಟ್ಟುಕೊಂಡು ಬೇಸಿಗೆಯವರೆಗೆ ತೊರೆಗಳಿಗೆ ಬಿಡುವುದು ಈ ಹುಲ್ಲು ಮತ್ತು ಶೋಲಾ. ಇದೇ ಗಿರಿಶ್ರೇಣಿಯಲ್ಲಿ ಹುಟ್ಟುವ ವೇದಾವತಿ ಪೂರ್ವಕ್ಕೆ ಹರಿದು, ಹಿರಿಯೂರು ಬಳಿಯ ವಾಣಿವಿಲಾಸ ಸಾಗರವನ್ನು ತುಂಬುತ್ತದೆ. ಪಕ್ಕದ ಬಾಬಾಬುಡನ್‌ಗಿರಿಯ ಕಥೆಯನ್ನು ಇಂಗ್ಲಿಷ್ ಮೇಡಂ ಹೇಳಿದರು: 17ನೇ ಶತಮಾನದಲ್ಲಿ ಹಜ್ ಯಾತ್ರೆಯಿಂದ ಮರಳುವಾಗ ಬಾಬಾ ಬುಡನ್ ಯೆಮನ್ನಿನ ಮೋಕಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿ ಬಿತ್ತಿದರೆಂಬ ಪ್ರತೀತಿ. ಇಂದು ಭಾರತದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುವುದು ಕರ್ನಾಟಕದಲ್ಲೇ.

ಶಿಖರಕ್ಕೆ ಇನ್ನು ಇಪ್ಪತ್ತು ನಿಮಿಷದ ದಾರಿ ಇರಬಹುದು. ಕೊನೆಯಲ್ಲಿ ನಡೆಯುತ್ತಿದ್ದವಳು ಸೀಟಿ ಊದಿದಳು. ಹಿಂದಿರುಗಿ ನೋಡಿದರೆ ಒಬ್ಬ ವಿದ್ಯಾರ್ಥಿನಿ ಕಲ್ಲಿನ ಮೇಲೆ ಕುಳಿತಿದ್ದಳು. ಕೇಳಿದರೆ, "ಏನೂ ಇಲ್ಲ ಮ್ಯಾಮ್, ಸುಸ್ತು ಅಷ್ಟೇ" ಎಂದಳು. ಅವಳ ಜೋಡಿ ಮಾತ್ರ ನನ್ನ ಹತ್ತಿರ ಬಂದು, "ಸುಸ್ತಲ್ಲ ಮ್ಯಾಮ್, ಉಸಿರು ಬಿಡುವಾಗ ಸೀಟಿ ಹೊಡೆದ ಹಾಗೆ ಸದ್ದು ಬರ್ತಿದೆ" ಎಂದಳು.

ನಾನು ಆಗ ಆಡಿದ ಮಾತನ್ನು ಮುಚ್ಚಿಡುವುದಿಲ್ಲ. "ಐದು ನಿಮಿಷ ಕೂರಲಿ. ಇಷ್ಟು ದೂರ ಬಂದು ನೆತ್ತಿ ನೋಡದೆ ಹೋಗುವುದಾ?" ಎಂದೆ. ಆ ದಿನದ ಅಮೀರ್ ತರಗತಿಯಲ್ಲಿ ಕೈ ಎತ್ತಿ ಉತ್ತರ ಹೇಳಲೂ ಹಿಂಜರಿಯುವ ಹುಡುಗಿ. ಅವಳು ಜೇಬಿನಿಂದ ನಿಯಮದ ಹಾಳೆ ತೆಗೆದು, ಏನೂ ಹೇಳದೆ ನನ್ನ ಮುಂದೆ ಹಿಡಿದಳು. ಮೂರನೆಯ ನಿಯಮ, ಕೆಳಗೆ ನನ್ನದೇ ಸಹಿ. ನನಗೆ ನಾಚಿಕೆಯಾಯಿತು. ಎಂಟೂ ಮಂದಿ ಇಳಿದೆವು. ನಿಧಾನವಾಗಿ, ಅವಳನ್ನು ಮಧ್ಯದಲ್ಲಿ ಇಟ್ಟುಕೊಂಡು, ಆಗಾಗ ನೆಟ್ಟಗೆ ಕೂರಿಸಿ, ಬೆಚ್ಚಗೆ ಶಾಲು ಹೊದಿಸಿ. ಊರಿಗೆ ಬಂದು ವೈದ್ಯರಿಗೆ ತೋರಿಸಿದ ಮೇಲೆ ಸಮಾಧಾನವಾಯಿತು.

ರಾತ್ರಿ ಅವಳು ಬಾಯಿಬಿಟ್ಟಳು. ಚಿಕ್ಕಂದಿನಿಂದ ಆಸ್ತಮಾ ಇದೆ. ತಂಪು ಗಾಳಿಯಲ್ಲಿ ಏರು ಹತ್ತಿದರೆ ಶ್ವಾಸನಾಳ ಬಿಗಿಯುತ್ತದೆ. ಇನ್ಹೇಲರ್ ತಂದಿದ್ದಾಳೆ, ಆದರೆ ಯಾರೂ ನೋಡಬಾರದೆಂದು ರೂಮಿನ ಬ್ಯಾಗಿನಲ್ಲೇ ಬಿಟ್ಟಿದ್ದಾಳೆ. ಆರೋಗ್ಯದ ಫಾರಂನಲ್ಲಿ 'ಯಾವ ಕಾಯಿಲೆಯೂ ಇಲ್ಲ' ಎಂದು ಬರೆದದ್ದು ಏಕೆ ಎಂದರೆ, "ಬರೆದಿದ್ದರೆ ನೀವು ಕರ್ಕೊಂಡು ಬರ್ತಿರಲಿಲ್ಲ ಮ್ಯಾಮ್" ಎಂದಳು. ಅವಳ ಮಾತು ಸುಳ್ಳಲ್ಲ. ಬಹುಶಃ ನಾನು ಬೇಡವೆಂದೇ ಹೇಳುತ್ತಿದ್ದೆ.

ನದಿಯ ಜೊತೆ ಕಡಲಿಗೆ

ಮರುದಿನ ಶಿವಮೊಗ್ಗ, ಸಾಗರದ ಮೂಲಕ ಹೊನ್ನಾವರಕ್ಕೆ ಹೊರಟೆವು. ಈ ದಾರಿಯ ಉತ್ತರಾರ್ಧ ಶರಾವತಿಯ ಪಾಠ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಲಿಂಗನಮಕ್ಕಿಯಲ್ಲಿ ನಿಂತು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುವ ಈ ನದಿಯ ಉದ್ದ ಸುಮಾರು 128 ಕಿಲೋಮೀಟರ್ ಅಷ್ಟೇ. ಪೂರ್ವಕ್ಕೆ ಹರಿಯುವ ಕಾವೇರಿ ನೂರಾರು ಕಿಲೋಮೀಟರ್ ಸಾಗಿ ನಿಧಾನವಾಗಿ ಇಳಿಯುವ ಎತ್ತರವನ್ನು ಪಶ್ಚಿಮದ ನದಿಗಳು ಗಡಿಬಿಡಿಯಲ್ಲಿ ಇಳಿಯುತ್ತವೆ. ವಿದ್ಯುತ್ ಉತ್ಪಾದನೆಗೆ ಅವು ಒದಗುವುದು ಅದಕ್ಕೇ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆಯಾದರೆ ಈ ಕರಾವಳಿಯಲ್ಲಿ 3,000ಕ್ಕೂ ಹೆಚ್ಚು. ಕಡಲಿನ ತೇವದ ಗಾಳಿಯನ್ನು ಘಟ್ಟ ತಡೆದು ಮೇಲೆತ್ತುತ್ತದೆ, ತಂಪಾದ ಗಾಳಿ ಮಳೆ ಸುರಿಸುತ್ತದೆ, ಉಳಿದದ್ದು ನಮಗೆ. ಘಟ್ಟ ಇಳಿಯುವಾಗ ಸ್ವೆಟರುಗಳು ಒಂದೊಂದಾಗಿ ಬ್ಯಾಗು ಸೇರಿದವು. ಗೇರುಸೊಪ್ಪ ದಾಟುವಾಗ, 16ನೇ ಶತಮಾನದಲ್ಲಿ ಇಲ್ಲಿಂದ ಆಳಿ, ಪೋರ್ಚುಗೀಸರಿಂದ 'ಕಾಳುಮೆಣಸಿನ ರಾಣಿ' ಎನಿಸಿಕೊಂಡ ಚೆನ್ನಭೈರಾದೇವಿಯ ನೆನಪು ಮಾಡಿಕೊಂಡೆವು.

ಹೊನ್ನಾವರಕ್ಕೆ ನಮಗಿಂತ ಮೊದಲು ಬಂದ ಒಬ್ಬ ಪ್ರವಾಸಿ ಇಬ್ನ್ ಬತೂತ. 1325ರಲ್ಲಿ, 21ನೇ ವಯಸ್ಸಿನಲ್ಲಿ, ಮೊರಾಕ್ಕೋದ ಟಾಂಜಿಯರ್‌ನಿಂದ ಒಬ್ಬನೇ ಹಜ್‌ಗೆ ಹೊರಟವನು. 1342ರ ಸುಮಾರಿಗೆ ದೆಹಲಿಯ ಮುಹಮ್ಮದ್ ಬಿನ್ ತುಘಲಕ್‌ನ ರಾಯಭಾರಿಯಾಗಿ, ದೊಡ್ಡ ದಂಡಿನ ಜೊತೆ ಚೀನಾ ಕಡೆಗೆ ಹೊರಟ. ದಂಡು ದೊಡ್ಡದಿದ್ದರೂ ಇಂದಿನ ಅಲಿಗಢದ ಬಳಿ ಅದರಿಂದ ಬೇರ್ಪಟ್ಟು ಸೆರೆಸಿಕ್ಕ, ಹೇಗೋ ಪಾರಾಗಿ ಮತ್ತೆ ಕೂಡಿಕೊಂಡ. ಆಮೇಲೆ ಕರಾವಳಿಗುಂಟ ಬರುತ್ತ ಹೊನ್ನಾವರದಲ್ಲಿ ತಂಗಿದ. ಅವನ ಬರಹದಲ್ಲಿ ಇದರ ಹೆಸರು ಹಿನೌರ್. ಈ ಊರಿನ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದವರೆಂದೂ, ಇಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ನೋಡಿದೆನೆಂದೂ ಅವನು ದಾಖಲಿಸಿದ್ದಾನೆ. ಶರಾವತಿ ದಂಡೆಯಲ್ಲಿ ಕುಳಿತು ಇದನ್ನು ಹೇಳಿದಾಗ ಒಬ್ಬಳು ಕೇಳಿದಳು: "ಏಳುನೂರು ವರ್ಷದ ಹಿಂದೆ ಹದಿಮೂರು ಶಾಲೆನಾ ಮ್ಯಾಮ್? ಇದನ್ನ ನಮ್ಮ ಅಬ್ಬಾಗೆ ಹೇಳ್ಬೇಕು."

ಕಡಲು

ನದಿಯ ಆಚೆ ದಡದ ಕಾಸರಕೋಡು ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಅಂದರೆ ನೀರಿನ ಸ್ವಚ್ಛತೆ, ಸುರಕ್ಷತೆಗಳಿಗೆ ಅಂತರರಾಷ್ಟ್ರೀಯ ಮಟ್ಟದ ಒಪ್ಪಿಗೆ. ಆದರೂ ನಾವು ಹೋದ ದಿನ ಕೆಂಪು ಬಾವುಟ ಹಾರುತ್ತಿತ್ತು. ನೀರಿಗಿಳಿಯುವಂತಿಲ್ಲ. ಹುಡುಗಿಯರ ಮುಖ ಬಾಡಿತು. ಶಿಖರವೂ ಇಲ್ಲ, ಕಡಲೂ ಇಲ್ಲ!

ಮರಳಿನಲ್ಲಿ ಕುಳಿತು ನೋಡುತ್ತಿದ್ದಾಗ, ಬೆಟ್ಟದಲ್ಲಿ ಉಸಿರು ಕಟ್ಟಿದ್ದ ಅದೇ ಹುಡುಗಿ ಕೈ ತೋರಿಸಿದಳು: "ಅಲ್ಲಿ ನೋಡಿ, ಆ ಒಂದು ಕಡೆ ಅಲೆನೇ ಇಲ್ಲ. ಶಾಂತವಾಗಿದೆ. ಅಲ್ಲಿ ಕಾಲಾದರೂ ತೋಯಿಸಬಹುದಾ?"

ಅದೇ ಆ ತೀರದ ಅತ್ಯಂತ ಅಪಾಯದ ಜಾಗವಾಗಿತ್ತು. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲು ದಾರಿ ಹುಡುಕುತ್ತದೆ. ಮರಳದಿಣ್ಣೆಗಳ ನಡುವೆ ಆಳವಾದ ಕಿರಿದಾದ ಜಾಗ ಸಿಕ್ಕರೆ ಅಲ್ಲಿಂದ ಒಟ್ಟಾಗಿ ಕಡಲ ಕಡೆಗೆ ನುಗ್ಗುತ್ತದೆ. ಆಳವಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ಮೇಲ್ಮೈ ಸಪಾಟಾಗಿ ಕಾಣುತ್ತದೆ. ಈ ಸೆಳವಿನ ವೇಗ ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರ್ ದಾಟುತ್ತದೆ. ನುರಿತ ಈಜುಗಾರನೂ ಅದರ ಎದುರು ಈಜಲಾರ. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ಶಕ್ತಿ ಕಳೆದುಕೊಳ್ಳಬಾರದು. ತೇಲುತ್ತ, ಕೈ ಎತ್ತಿ ಸಹಾಯ ಕೇಳಬೇಕು. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳವು ತಪ್ಪಿದ ಮೇಲೆ ದಡಕ್ಕೆ ಬರಬೇಕು. ದಡದಲ್ಲಿರುವವರು ಕಾಪಾಡಲು ಹಾರಬಾರದು. ಜೀವರಕ್ಷಕರನ್ನು ಕೂಗಬೇಕು, ತೇಲುವ ವಸ್ತುವನ್ನು ಎಸೆಯಬೇಕು. ಇಲ್ಲಿಂದ ಹೆಚ್ಚು ದೂರವಿಲ್ಲದ ಮುರುಡೇಶ್ವರದಲ್ಲಿ 2024ರ ಡಿಸೆಂಬರ್‌ನಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರು ಕಡಲು ಪಾಲಾದರು. ನಿಮಗಿಂತ ಚಿಕ್ಕವರು. ಇದನ್ನು ಹೇಳಿದ ಮೇಲೆ ಯಾರೂ ನೀರಿಗಿಳಿಯುವ ಮಾತೆತ್ತಲಿಲ್ಲ. ಸಂಜೆ ಕಾಂಡ್ಲಾ ಗಿಡಗಳ ನಡುವಿನ ಮರದ ಹಾದಿಯಲ್ಲಿ ನಡೆದೆವು, ಬೇರುಗಳ ಸಂದಿಯಲ್ಲಿ ಏಡಿ ಎಣಿಸಿದೆವು, ನಕ್ಕೆವು.

ಬದಲಾದ ಫಾರಂ

ಗೊಟ್ಟಿಗೆರೆಗೆ ಹಿಂದಿರುಗಿದ ವಾರ ನಾನು ಮಾಡಿದ ಮೊದಲ ಕೆಲಸ ಆರೋಗ್ಯದ ಫಾರಂ ಬದಲಿಸಿದ್ದು. ಈಗ ಅದರ ಮೊದಲ ಸಾಲು ಹೀಗಿದೆ: "ನೀವು ಇಲ್ಲಿ ಬರೆಯುವ ಕಾರಣಕ್ಕೆ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ, ವೈದ್ಯರ ಸಲಹೆ ಪಡೆದು ನಿಮಗೆ ಹೊಂದುವಂತೆ ದಾರಿ ಬದಲಿಸುತ್ತೇವೆ." ಎಂಟೇ ಮಂದಿ ಇರುವುದರಿಂದ ಆ ಮಾತನ್ನು ಉಳಿಸಿಕೊಳ್ಳಬಹುದು. ತೊಂಬತ್ತು ಮಂದಿಯ ಪ್ರವಾಸದಲ್ಲಿ ಒಬ್ಬಳಿಗಾಗಿ ಎರಡು ಬಸ್ಸು ತಿರುಗಿಸುವುದು ಕಷ್ಟ. ಅದು ಗೊತ್ತಿರುವುದರಿಂದಲೇ ಮಕ್ಕಳು ಕಾಯಿಲೆ ಮುಚ್ಚಿಡುತ್ತಾರೆ.

ಮುಂದಿನ ಪ್ರವಾಸಕ್ಕೆ ಹೆಸರು ಕೊಟ್ಟವರಲ್ಲಿ ಆ ಹುಡುಗಿಯ ತಂಗಿಯೂ ಇದ್ದಾಳೆ. ಫಾರಂ ತಂದುಕೊಟ್ಟದ್ದು ಅಕ್ಕನೇ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಹನ್ನೆರಡು ಮಂದಿಯ ತಂಡದಲ್ಲಿ ಎಷ್ಟು ಜೋಡಿಗಳು ಸಾಧ್ಯ? ಲೆಕ್ಕ ಹಾಕಿ.
2. ಹೊನ್ನಾವರದಲ್ಲಿ 31 ಡಿಗ್ರಿ ಇದ್ದಾಗ 1,930 ಮೀಟರ್ ಎತ್ತರದಲ್ಲಿ ಉಷ್ಣಾಂಶ ಎಷ್ಟಿರಬಹುದು? ನಿಮ್ಮ ಉತ್ತರಕ್ಕೂ ಮೈಗೆ ಅನಿಸುವ ಚಳಿಗೂ ಏಕೆ ವ್ಯತ್ಯಾಸವಿರುತ್ತದೆ?
3. ಅಲೆಗಳ ನಡುವೆ ಶಾಂತವಾಗಿ ಕಾಣುವ ನೀರು ಏಕೆ ಅಪಾಯಕಾರಿ? ಚಿತ್ರ ಬರೆದು ವಿವರಿಸಿ.
4. ಬೆಂಗಳೂರಿಗಿಂತ ಹೊನ್ನಾವರದಲ್ಲಿ ಮಳೆ ಏಕೆ ಹೆಚ್ಚು?
5. ನಿಮ್ಮ ತಂಡಕ್ಕೆ ನೀವು ಬರೆಯುವ ಮೂರು ನಿಯಮಗಳು ಯಾವುವು? ಅವುಗಳಲ್ಲಿ ಒಂದಾದರೂ ಶಿಕ್ಷಕರಿಗೂ ಅನ್ವಯಿಸಲಿ.