ಎಣ್ಣೆ ಮಿಲ್ಲಿನಲ್ಲಿ ಬಿಸಿನೆಸ್ ಇಂಟೆಲಿಜೆನ್ಸ್

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದ 'ನಿಯಂತ್ರಣ' ಅಧ್ಯಾಯದಲ್ಲಿ ಐದು ಹಂತಗಳಿವೆ: ಮಾನದಂಡ ಹಾಕುವುದು, ಆದ ಕೆಲಸವನ್ನು ಅಳೆಯುವುದು, ಎರಡನ್ನೂ ಹೋಲಿಸುವುದು, ವ್ಯತ್ಯಾಸಕ್ಕೆ ಕಾರಣ ಹುಡುಕುವುದು, ಸರಿಪಡಿಸುವುದು. ಪರೀಕ್ಷೆಗಾಗಿ ನಾವೆಲ್ಲ ಇದನ್ನು ಬಾಯಿಪಾಠ ಮಾಡುತ್ತೇವೆ. ಇದೇ ಕೆಲಸಕ್ಕೆ ಕಂಪನಿಯ ಎಲ್ಲ ಲೆಕ್ಕಗಳನ್ನೂ ಕಂಪ್ಯೂಟರಿನಲ್ಲಿ ಒಂದೆಡೆ ಸೇರಿಸಿ, ನಿರ್ಧಾರ ಮಾಡುವವರ ಮುಂದೆ ಇಡುವುದೇ ಬಿಸಿನೆಸ್ ಇಂಟೆಲಿಜೆನ್ಸ್, ಚಿಕ್ಕದಾಗಿ ಬಿಐ. ಹೆಸರು ಹೊಸದೇನಲ್ಲ. 1958ರಲ್ಲೇ ಐಬಿಎಂನ ಹಾನ್ಸ್ ಪೀಟರ್ ಲೂನ್ ಈ ಹೆಸರಿಟ್ಟು ಒಂದು ಲೇಖನ ಬರೆದಿದ್ದರು.

ಸಾಫ್ಟ್‌ವೇರ್ ಕೊಂಡರೆ ಬಿಐ ಬಂತು ಎಂದು ತಿಳಿಯುವವರೇ ಹೆಚ್ಚು. ನಮ್ಮ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಏನಾಯಿತು ನೋಡಿ. ಅಲ್ಲಿ ನನ್ನ ಮಾಮೂ ಗುಮಾಸ್ತರು. ಮಾಲೀಕರು ಆಫೀಸಿನ ಗೋಡೆಗೆ ದೊಡ್ಡ ಪರದೆ ಹಾಕಿಸಿದರು. ಬಣ್ಣಬಣ್ಣದ ಗ್ರಾಫ್‌ಗಳು ಬಂದವು. ಒಂದು ದಿನ ಅದರಲ್ಲಿ 90 ಕೆ.ಜಿ. ಎಣ್ಣೆ ಕಡಿಮೆ ಎಂದು ಕೆಂಪು ಬಣ್ಣದಲ್ಲಿ ತೋರಿಸಿತು. 15 ಕೆ.ಜಿ.ಯ ಆರು ಡಬ್ಬ ಎಲ್ಲಿ ಹೋಯಿತು? ಡಬ್ಬ ತುಂಬುವ ಹುಡುಗರನ್ನು ಸಾಲಾಗಿ ನಿಲ್ಲಿಸಿ ವಿಚಾರಿಸಿದರು.

ಎಣ್ಣೆ ಎಲ್ಲೂ ಹೋಗಿರಲಿಲ್ಲ. ಟ್ಯಾಂಕಿನ ಅಳತೆ ಲೀಟರಿನಲ್ಲಿ, ಡಬ್ಬದ ತೂಕ ಕೆ.ಜಿ.ಯಲ್ಲಿ. ಒಂದು ಲೀಟರ್ ಶೇಂಗಾ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಟ್ಯಾಂಕಿನ 1,000 ಲೀಟರನ್ನು ಯಾರೋ 1,000 ಕೆ.ಜಿ. ಎಂದು ಹಾಕಿದ್ದರು. ಇದ್ದದ್ದೇ 910. ಮಾಮೂ ತಮ್ಮ ನೋಟ್‌ಬುಕ್ ತಂದು ತೋರಿಸಿದ ಮೇಲೆ ವಿಷಯ ತಿಳಿಯಿತು.

ಆದರೆ ಆ ಯೋಜನೆ ಅವತ್ತೇ ಸತ್ತಿತು ಎನ್ನುತ್ತಾರೆ ಮಾಮೂ. "ಬೇಟಾ, ಅದಾದ ಮೇಲೆ ಯಾರೂ ನಿಜವಾದ ಅಂಕಿ ಹಾಕಲಿಲ್ಲ. ಬೈಸಿಕೊಳ್ಳದ ಅಂಕಿ ಹಾಕಿದರು" ಎಂದರು. ನಮ್ಮ ಪಠ್ಯದಲ್ಲಿ ಈ ಮಾತಿಲ್ಲ, ಇರಬೇಕಿತ್ತು ಎನಿಸುತ್ತದೆ. ಅಂಕಿ ಹಾಕುವವನು ತೂಕದ ಕಟ್ಟೆಯಲ್ಲಿ ನಿಂತಿರುತ್ತಾನೆ. ಅವನಿಗೆ ಪರದೆಯಿಂದ ಬೈಗುಳ ಮಾತ್ರ ಸಿಗುವುದಾದರೆ ಅವನು ತನ್ನನ್ನು ಕಾಪಾಡಿಕೊಳ್ಳುತ್ತಾನೆ. ಜೊತೆಗೆ ಅಲ್ಲಿ ಒಂದೇ ಲೆಕ್ಕವನ್ನು ಎರಡು ಸಲ ಬರೆಯಬೇಕಿತ್ತು, ಹಗಲು ಪುಸ್ತಕದಲ್ಲಿ, ಸಂಜೆ ಕಂಪ್ಯೂಟರಿನಲ್ಲಿ. ಸಂಜೆಯ ಕೆಲಸ ತಿಂಗಳೊಳಗೆ ನಿಂತಿತು.

ಈ ತೊಂದರೆಯನ್ನು ಕಂಪ್ಯೂಟರ್ ಹಚ್ಚುವ ಮೊದಲೇ ತಪ್ಪಿಸಬಹುದಿತ್ತು. ಅಳತೆ ಒಂದಾಗಬೇಕು, ಹೆಸರೂ ಒಂದಾಗಬೇಕು. ಒಂದು ಬಿಲ್ಲಿನಲ್ಲಿ ಶೇಂಗಾ, ಇನ್ನೊಂದರಲ್ಲಿ ಕಡಲೆಕಾಯಿ, ನಮ್ಮ ಮನೆಯಲ್ಲಿ ಫಲ್ಲಿ. ಮನುಷ್ಯರಿಗೆ ಮೂರೂ ಒಂದೇ. ಕಂಪ್ಯೂಟರಿಗೆ ಅವು ಮೂರು ಬೇರೆ ಸರಕು. (ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ ಎಲ್ಲ ನಮ್ಮ ಮನೆಮಾತಿನಲ್ಲೂ ಇರುವ ಪದಗಳೇ. ಹಾಗಾಗಿ ಲೆಕ್ಕದ ಪುಸ್ತಕದ ಕನ್ನಡ ನನಗೆ ಬೇಗ ಬಂತು.)

ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಜಿಎಸ್‌ಟಿ ಬಿಲ್ಲಿಗೆ ರೇಷ್ಮೆ ಬಟ್ಟೆಯ ಎಚ್‌ಎಸ್‌ಎನ್ ಸಂಖ್ಯೆ 5007. ಎಲ್ಲ ಸೀರೆಯನ್ನೂ 'ರೇಷ್ಮೆ ಸೀರೆ, 5007' ಎಂದು ಬರೆದರೆ ತೆರಿಗೆಗೆ ಸಾಕು. ಆದರೆ ನೇಯುವವರಿಗೆ ಬೇಕಾದದ್ದು ಬೇರೆ: ಯಾವ ಬಣ್ಣದ ಒಡಲು, ಯಾವ ಅಂಚು ಬೇಗ ಹೋಯಿತು, ಯಾವುದು ಗಂಟಿನಲ್ಲೇ ಉಳಿಯಿತು? ಮುಂದಿನ ಹಾಸು ಮಗ್ಗಕ್ಕೆ ಏರಿಸುವ ಮೊದಲು ಇದು ಗೊತ್ತಾಗಬೇಕು, ಏರಿಸಿದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ. ನಾವು ಕಲಿಯುವ ಟ್ಯಾಲಿಯಲ್ಲೇ ಸ್ಟಾಕ್ ಗ್ರೂಪ್, ಸ್ಟಾಕ್ ಕೆಟಗರಿ ಇವೆ. ಬಣ್ಣಕ್ಕೊಂದು, ಅಂಚಿಗೊಂದು ಹೆಸರು ನಿಗದಿ ಮಾಡಿ ಬಿಲ್ ಹಾಕಿದರೆ ಉತ್ತರ ಅಲ್ಲೇ ಸಿಗುತ್ತದೆ. ಪ್ರಶ್ನೆ ಮೊದಲು ಬಂದರೆ ಯಾವ ಅಂಕಿ ಕೂಡಿಡಬೇಕೆಂದು ತಿಳಿಯುತ್ತದೆ. ಮಿಲ್ಲಿನ ಪರದೆಯ ಗ್ರಾಫ್‌ಗಳು ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೇಳುತ್ತಿದ್ದವು.

ದೊಡ್ಡ ಮಟ್ಟದಲ್ಲಿ ನಡೆದ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ. 2014ರಲ್ಲಿ ಕರ್ನಾಟಕ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸಮೂಹದ ಕಂಪನಿ ಸೇರಿ 'ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳು', ಅಂದರೆ ರೆಮ್ಸ್ ಎಂಬ ಕಂಪನಿ ಕಟ್ಟಿದವು. ಎಪಿಎಂಸಿಗಳನ್ನು ಒಂದೇ ವೇದಿಕೆಗೆ ತರುವುದು ಅದರ ಕೆಲಸ. ಅಲ್ಲಿ ಕಂಪ್ಯೂಟರ್ ಜೊತೆಗೆ ನಿಯಮವೂ ಬದಲಾಯಿತು. ಒಂದೊಂದು ಮಾರುಕಟ್ಟೆಗೆ ಬೇರೆ ಲೈಸೆನ್ಸ್ ಇದ್ದದ್ದು ಹೋಗಿ ಏಕೀಕೃತ ಲೈಸೆನ್ಸ್ ಬಂತು. ಗೇಟಿನಲ್ಲೇ ರೈತರ ಮಾಲಿಗೆ ಲಾಟ್ ಸಂಖ್ಯೆ ಬೀಳುತ್ತದೆ, ಟೆಂಡರ್, ತೂಕ, ಬಿಲ್ ಎಲ್ಲವೂ ಆ ಸಂಖ್ಯೆಯ ಮೇಲೆಯೇ. ಅಂದರೆ ಅಂಕಿ ಹಾಕುವುದು ಪ್ರತ್ಯೇಕ ಕೆಲಸವಲ್ಲ, ವ್ಯಾಪಾರ ನಡೆದಂತೆ ಅದೂ ದಾಖಲಾಗುತ್ತದೆ. ನನ್ನ ಪ್ರಕಾರ ಮಿಲ್ಲಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಹಾಗೆ ಕೂಡಿದ ಅಂಕಿಗಳಿಂದ ಫಲವನ್ನೂ ಅಳೆದರು. ಅಮೆರಿಕದ ಎಂಐಟಿಯ ರೆತ್ಸೆಫ್ ಲೆವಿ ಮತ್ತು ಸಂಗಡಿಗರು ರೆಮ್ಸ್‌ನ ಮನೋಜ್ ರಾಜನ್ ಅವರೊಂದಿಗೆ ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹೊಸ ವ್ಯವಸ್ಥೆಯಿಂದ ಭತ್ತದ ಬೆಲೆ ಶೇ. 5.1, ನಮ್ಮ ಶೇಂಗಾ ಬೆಲೆ ಶೇ. 3.6, ಮೆಕ್ಕೆಜೋಳದ ಬೆಲೆ ಶೇ. 3.5 ಏರಿತ್ತು. ಹತ್ತಿ, ಹೆಸರು, ತೊಗರಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಕಂಪನಿಯವರೇ ಜೊತೆಗಿದ್ದ ಅಧ್ಯಯನದಲ್ಲಿ ಆ ಮೂರು ಬೆಳೆಗಳ ಫಲಿತಾಂಶವನ್ನೂ ಮುಚ್ಚಿಡದೆ ಬರೆದಿದ್ದಾರೆ. ನಿಯಂತ್ರಣದ ನಾಲ್ಕನೇ ಹಂತ ಅಲ್ಲಿಂದಲೇ ಶುರುವಾಗುತ್ತದೆ: ಒಂದೇ ವ್ಯವಸ್ಥೆ, ಆದರೆ ಶೇಂಗಾಕ್ಕೆ ಸಿಕ್ಕ ಲಾಭ ತೊಗರಿಗೆ ಏಕೆ ಸಿಗಲಿಲ್ಲ?